ವಾಟರ್ ಬೆಡ್ ಈಗ ಯಾರ ಮನೆಯಲ್ಲಿದೆ

ಪೈವಳಿಕೆಯಲ್ಲಿ ರೇಷನ್ ಅಂಗಡಿಯ ಮಾಳಿಗೆ.
ಎರಡು ಬೆಂಚು, ಒಂದು ಕಬ್ಬಿಣದ ಕಪಾಟು,
ಕಪಾಟಿನ ಬಾಗಿಲಿಗೆ ಮೂರು ಲಿಪಿಯಲ್ಲಿ
ಒಂದೇ ಪದ: ಪಾಲಿಯೇಟಿವ್.

ಭಾನುವಾರ ಉಪ್ಪಳದಲ್ಲಿ ರೈಲಿಳಿದು
ಬಾಯಾರಿನ ಬಸ್ಸು ಹಿಡಿದು ಬಂದೆ.
ಕಂಕುಳಲ್ಲಿ ಚಾರ್ಟಿನ ಸುರುಳಿ,
ಚೀಲದಲ್ಲಿ ಮೂರು ಬಣ್ಣದ ಅಂಟುಚೀಟಿ.
ಮಂಗಳೂರಿನ ಕಾರ್ಖಾನೆಯಲ್ಲಿ ನನ್ನ ಬಾಗಿಲಿಗೆ
ಸಂಸ್ಥಾ ಅಭಿವೃದ್ಧಿ ಎಂಬ ಬೋರ್ಡು ಉಂಟು.
ಲಿಲ್ಲಿ ಕ್ರಾಸ್ತಾ ಕೇಳಿದರು:
"ಹಾಗಂದ್ರೆ ನೀವು ಕಟ್ಟಡ ಕಟ್ಟುವವರಾ?"

ಸಮಸ್ಯೆ ಸಣ್ಣದು, ಎಂದರು ನಾರ್ಣಪ್ಪ ಮಾಷ್ಟ್ರು.
ವಾಟರ್ ಬೆಡ್ ನಾಲ್ಕಿತ್ತು, ಒಂದುಂಟು.
ಮೂರು ಎಲ್ಲಿ ಹೋದವೆಂದು
ಪುಸ್ತಕಕ್ಕೆ ಗೊತ್ತಿಲ್ಲ.
ಇಬ್ಬರಿಗೆ ಬೆನ್ನೆಲ್ಲ ಹುಣ್ಣು. ಬೆಡ್ಡು ಯಾರಿಗೆ ಎಂದು
ಹೋದ ಸಭೆಯಲ್ಲಿ ಜಗಳವೇ ಆಯಿತು.

ಇದು ನನಗೆ ಗೊತ್ತಿರುವ ಕೆಲಸ.
ಗೋಡೆಗೆ ಹಾಳೆ ಅಂಟಿಸಿದೆ,
ಯಾರು, ಏನು, ಯಾವಾಗ, ಯಾರನ್ನು ಕೇಳಿ.
ಬಾಣ ಎಳೆದೆ: ಕಪಾಟಿನಿಂದ ಜೀಪಿಗೆ,
ಜೀಪಿನಿಂದ ಮನೆಗೆ,
ಮನೆಯಿಂದ
ಮಾರ್ಕರು ಅಲ್ಲಿ ನಿಂತಿತು.
"ವಾಪಸು ತರುವುದು ಯಾರು?"

ಎಲ್ಲರೂ ಫ್ಯಾನು ನೋಡಿದರು.

ಇಪ್ಪತ್ತು ವರ್ಷದ ಕಸುಬಿನಲ್ಲಿ ಕಲಿತದ್ದರಲ್ಲಿ
ಆ ಹೊತ್ತು ಕೈಗೆ ಸಿಕ್ಕಿದ್ದು ಇಷ್ಟೇ:
ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಬೇಕು.
ಹತ್ತು ಎಣಿಸಬೇಕು. ಆಗದಿದ್ದರೆ ಮತ್ತೆ ಹತ್ತು.

ನೆಬೀಸಾ ಸೆರಗು ಸರಿಮಾಡಿಕೊಂಡರು.
"ಮಯ್ಯತ್ತು ಹೋದ ಮನೆಗೆ ಹೋಗಿ
ಹಾಸಿಗೆ ಕೊಡಿ ಅಂತ ಹೇಗೆ ಕೇಳುವುದು ಮೇಡಂ?"
ಲಿಲ್ಲಿ ಒಮ್ಮೆ ಹೋಗಿದ್ದರಂತೆ;
ಹೆಂಡತಿ ಅದರ ಮೇಲೆಯೇ ಮಲಗಿದ್ದಳು,
ಚಾ ಕುಡಿದು ಬಂದರು.
ಮಾಷ್ಟ್ರೂ ಹೋಗಿದ್ದರು ಎರಡು ಮನೆಗೆ,
ಗೇಟಿನವರೆಗೆ.

ಕಾರ್ಖಾನೆಯಲ್ಲಿ ಇದಕ್ಕೊಂದು ಫಾರ್ಮು ಉಂಟು.
ಕೆಲಸ ಹೋದವನು ಬೂಟು, ಹೆಲ್ಮೆಟ್ಟು, ಗುರುತಿನ ಚೀಟಿ
ಎಣಿಸಿ ಒಪ್ಪಿಸಿ ರುಜು ಹಾಕಬೇಕು.
ಆಮೇಲೆ ಹದಿನಾಲ್ಕು ಪ್ರಶ್ನೆ.
ಕೊನೆಯದು: ನಮ್ಮ ಬಗ್ಗೆ ನಿಮ್ಮ ಅಭಿಪ್ರಾಯ?
ಎಲ್ಲರೂ "ಒಳ್ಳೆಯದು" ಎಂದೇ ಬರೆದಿದ್ದಾರೆ.
ಆ ಫಾರ್ಮು ಮಾಡಿದವಳು ನಾನು.

ಆಗ ಮೆಟ್ಟಿಲ ಮೇಲಿಂದ ಐತಪ್ಪ,
ಜೀಪು ತೊಳೆಯುವವ, ಸದಸ್ಯರ ಪಟ್ಟಿಯಲ್ಲಿಲ್ಲದವ,
ಒಳಗೆ ಬಾರದೆಯೇ ಹೇಳಿದ:
"ಅಲ್ಲಿ ಉಂಟಲ್ಲ, ಆ ಒಂದು, ಅದು ನಾನು ತಂದದ್ದು.
ಬೊಜ್ಜ ಕಳೆದ ಮರುದಿನ ಹೋದೆ.
ಕೇಳಲಿಲ್ಲ. ಅಂಗಳದಲ್ಲಿ ಕೂತೆ.
ಅವರು ಸತ್ತವರ ಸುದ್ದಿ ಹೇಳಿದರು.
ಏಳುವಾಗ ಅವರೇ ತೊಳೆದು ಮಡಚಿ ಕೊಟ್ಟರು."

ಮಾಷ್ಟ್ರು ಬೆಂಚಿನಲ್ಲಿ ಸರಿದರು.
ಐತಪ್ಪ ಬಂದು ತುದಿಯಲ್ಲಿ ಕೂತ.
ಬಾಣದ ಕೊನೆಗೆ ಅವನ ಹೆಸರು ಬರೆಯಹೊರಟೆ,
ಐ ಬರೆದಿದ್ದೆ ಅಷ್ಟೆ,
"ಬೇಡ ಅಕ್ಕ," ಎಂದ.
"ಬರೆದರೆ ಡ್ಯೂಟಿ ಆಗ್ತದೆ.
ಡ್ಯೂಟಿಗೆ ಬಂದವನ ಹತ್ತಿರ
ಯಾರು ಮಾತಾಡ್ತಾರೆ?"

ನಿರ್ದೇಶಕರ ಮಂಡಳಿಯಲ್ಲೂ ಯಾರೂ
ನನ್ನ ಚಾರ್ಟಿಗೆ ಇಷ್ಟು ಸರಿಯಾಗಿ ಅಡ್ಡ ಬಂದದ್ದಿಲ್ಲ.
ಐ ಹಾಗೆಯೇ ಉಳಿಯಿತು.
ಸದಸ್ಯರ ಪಟ್ಟಿಗೆ ಮಾತ್ರ
ಪೂರ್ತಿ ಹೆಸರು ಸೇರಿಸಿದೆವು; ಅದಕ್ಕೆ ಅವನು
ಬೇಡ ಅನ್ನಲಿಲ್ಲ.

ಮುಂದಿನ ಭಾನುವಾರ ಕುರುಡಪದವಿಗೆ
ಅವನ ಜೊತೆ ಹೋದೆ, ಚೀಲವಿಲ್ಲದೆ.
ಆ ಹೆಂಗಸು ಗಂಡನ ಬೀಡಿ ಲೆಕ್ಕ ಹೇಳಿದಳು,
ಗೊರಕೆ, ಕೋಪ, ಕೊನೆಗೆ ಗಂಜಿಯೂ ಇಳಿಯದ್ದು.
ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.
ಎಲ್ಲಿ ತಪ್ಪಿತೋ ಗೊತ್ತಿಲ್ಲ,
ಮತ್ತೆ ಶುರುಮಾಡಲಿಲ್ಲ.

ಬೆಡ್ಡಿನ ನೀರು ಬಸಳೆಯ ಬುಡಕ್ಕೆ ಹೋಯಿತು.
ಜೀಪಿನಲ್ಲಿ ಅದು ನನ್ನ ತೊಡೆಯ ಮೇಲೆ,
ಮಡಚಿದ್ದು, ತೂಕವಿಲ್ಲದ್ದು,
ಒಂದು ಮೂಲೆ ಇನ್ನೂ ಒದ್ದೆ.
"ಸೀದಾ ಬಾಯಾರಿಗಾ?" ಎಂದ ಐತಪ್ಪ.
ಪುಸ್ತಕದಲ್ಲಿ ಆಮೇಲೆ ಬರೆದರಾಯಿತು.